ಹೊರಡುವ ಹಡಗು, ಬರುವ ಹಡಗು

ವಿದೇಶದಿಂದ ಬರುವ ಹಡಗು ಬಂದರಿನ ಹೊರಗೆ ನಿಂತು ಹಳದಿ ಬಾವುಟ ಏರಿಸುವುದು ನಾವಿಕರ ಹಳೆಯ ಪದ್ಧತಿ. ಇಂದಿನ ಅಂತರರಾಷ್ಟ್ರೀಯ ಸಂಕೇತ ಭಾಷೆಯಲ್ಲಿ ಅದರ ಅರ್ಥ ಹೀಗೆ: 'ನಮ್ಮ ಹಡಗಿನಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ, ಒಳಬರಲು ಅನುಮತಿ ಕೊಡಿ.' ಆ ಅನುಮತಿಗೆ 'ಫ್ರೀ ಪ್ರಾಟಿಕ್' ಎನ್ನುತ್ತಾರೆ. ಬಂದರು ಆರೋಗ್ಯಾಧಿಕಾರಿ ಅದನ್ನು ಕೊಡುವವರೆಗೆ ಯಾರೂ ಹಡಗಿನಿಂದ ಇಳಿಯುವಂತಿಲ್ಲ, ಯಾರೂ ಹತ್ತುವಂತಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇದೇ ಹಳದಿ ಬಟ್ಟೆ ಹೇಳುತ್ತಿದ್ದುದು ಬೇರೆ ಮಾತು: 'ಈ ಹಡಗು ಕ್ವಾರಂಟೈನ್‌ನಲ್ಲಿದೆ, ಹತ್ತಿರ ಬರಬೇಡಿ.'

ಮುಂಬೈ ಬಂದರಿನ ಇತಿಹಾಸದಲ್ಲೂ ಇಂಥದೇ ಒಂದು ತಿರುವು ಇದೆ. ಇಂದು ಬಲ್ಲಾರ್ಡ್ ಪಿಯರ್‌ನಲ್ಲಿ ಕ್ರೂಸ್ ಹಡಗು ಹತ್ತುವವರು ಪಾಸ್‌ಪೋರ್ಟ್, ವೀಸಾ, ಲಸಿಕೆಯ ಚೀಟಿ ಕೈಯಲ್ಲಿ ಹಿಡಿದು ಸಾಲಿನಲ್ಲಿ ನಿಂತಾಗ, ಹೊರಗಿನ ಅಪಾಯ ಒಳಗೆ ಬಾರದಿರಲಿ ಎಂಬುದಕ್ಕಾಗಿ ಇದೆಲ್ಲ ಇದೆ ಎಂದುಕೊಳ್ಳುವುದು ಸಹಜ. ಆದರೆ ಈ ತಪಾಸಣೆಯ ಬಹುಪಾಲು ಹುಟ್ಟಿದ್ದು ಮುಂಬೈಯನ್ನು ಜಗತ್ತಿನಿಂದ ಕಾಪಾಡಲು ಅಲ್ಲ. ಮುಂಬೈಯಿಂದ ಜಗತ್ತನ್ನು ಕಾಪಾಡಲು. ಅದರ ಭಾರ ಬಿದ್ದದ್ದು ಹಡಗಿನ ಎಲ್ಲ ಪ್ರಯಾಣಿಕರ ಮೇಲೂ ಸಮನಾಗಿ ಅಲ್ಲ.

ಮೆಕ್ಕಾದ ದಾರಿ

1865ರಲ್ಲಿ ಹಜ್ ಯಾತ್ರೆಯ ಸಮಯದಲ್ಲಿ ಮೆಕ್ಕಾದಲ್ಲಿ ಕಾಲರಾ ಹಬ್ಬಿತು. ಅಂದಿನ ಅಂದಾಜಿನಂತೆ ಅಲ್ಲಿ ಸೇರಿದ್ದ ಸುಮಾರು 90,000 ಯಾತ್ರಿಕರಲ್ಲಿ 15,000 ಜನ ಸತ್ತರು. ಉಳಿದವರು ಸೂಯೆಜ್, ಅಲೆಕ್ಸಾಂಡ್ರಿಯಾ ಮಾರ್ಗವಾಗಿ ಮರಳಿದಾಗ ರೋಗವೂ ಜೊತೆಗೆ ಹೋಯಿತು. ಅದು ಯುರೋಪಿನ ಬಂದರುಗಳನ್ನು ಮುಟ್ಟಿ, ಮರುವರ್ಷದ ಹೊತ್ತಿಗೆ ಅಮೆರಿಕವನ್ನೂ ತಲುಪಿತು. ಕಾಲರಾ ಯುರೋಪಿಗೆ ಹೊಸದಾಗಿರಲಿಲ್ಲ. ಹೊಸದಾಗಿದ್ದುದು ಅದರ ವೇಗ. ಹಾಯಿಹಡಗಿನ ಕಾಲದಲ್ಲಿ ಬಂದರು ತಲುಪುವುದರೊಳಗೆ ರೋಗ ಬಹುಮಟ್ಟಿಗೆ ಹಡಗಿನಲ್ಲೇ ಉರಿದು ಆರಿರುತ್ತಿತ್ತು. ಉಗಿಹಡಗು ಅಷ್ಟು ಸಮಯ ಕೊಡಲಿಲ್ಲ.

1866ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ದೇಶಗಳ ಪ್ರತಿನಿಧಿಗಳು ಸೇರಿ ತಿಂಗಳುಗಟ್ಟಲೆ ಚರ್ಚಿಸಿದರು. ಕಾಲರಾದ ಮೂಲ ಭಾರತ, ಅದನ್ನು ಹೊತ್ತೊಯ್ಯುವ ಮುಖ್ಯ ದಾರಿ ಯಾತ್ರಿಕರ ಹಡಗು ಎಂಬ ತೀರ್ಮಾನಕ್ಕೆ ಬಂದರು. ಭಾರತದಿಂದ ಹಜ್‌ಗೆ ಹೊರಡುವವರ ದೊಡ್ಡ ಬಂದರು ಮುಂಬೈ. ಹೈದರಾಬಾದು, ಗುಜರಾತು, ಉತ್ತರ ಭಾರತ, ಕೆಂಪು ಸಮುದ್ರದತ್ತ ಹೊರಟ ಮಧ್ಯ ಏಷ್ಯಾದ ಯಾತ್ರಿಕರು, ನಮ್ಮ ಕರಾವಳಿಯ ಬ್ಯಾರಿಗಳು ಮತ್ತು ನವಾಯತರು ಹೀಗೆ ಎಲ್ಲ ಕಡೆಯ ಜನ ಇಲ್ಲಿಗೆ ಬಂದು ಹಡಗಿಗಾಗಿ ಕಾಯುತ್ತಿದ್ದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲಂತೂ ಮುಂಬೈ ಯುರೋಪಿನ ಬಾಗಿಲಿಗೇ ಬಂದು ನಿಂತಂತಾಯಿತು.

ಬ್ರಿಟಿಷ್ ಸರ್ಕಾರಕ್ಕೆ ಈ ತೀರ್ಮಾನ ರುಚಿಸಲಿಲ್ಲ. ಹಡಗು ಒಂದು ದಿನ ನಿಂತರೆ ಅಷ್ಟು ನಷ್ಟ. ಸೂಯೆಜ್ ಕಾಲುವೆಯಲ್ಲಿ ಓಡಾಡುವ ಹಡಗುಗಳಲ್ಲಿ ಹೆಚ್ಚಿನವು ಬ್ರಿಟನ್ನಿನವು. ಕಾಲರಾ ಒಬ್ಬರಿಂದ ಒಬ್ಬರಿಗೆ ಹರಡುವ ರೋಗವೇ ಅಲ್ಲ, ಅದು ಸ್ಥಳದ ಗಾಳಿ, ಮಣ್ಣು, ಕೊಳೆಗೆ ಸಂಬಂಧಿಸಿದ್ದು ಎಂದು ಭಾರತ ಸರ್ಕಾರದ ಆರೋಗ್ಯ ಆಯುಕ್ತ ಜೆ. ಎಂ. ಕನಿಂಗ್‌ಹ್ಯಾಮ್ ವರ್ಷಗಳ ಕಾಲ ವಾದಿಸಿದರು. 1884ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ಕಾಲರಾದ ಜೀವಾಣುವನ್ನು ಗುರುತಿಸಿದ ಮೇಲೂ ಆ ವಾದ ಕೂಡಲೇ ಅಡಗಲಿಲ್ಲ. ವ್ಯಾಪಾರಕ್ಕೆ ಅನುಕೂಲವಾದ ವಿಜ್ಞಾನ ಬೇಗ ಸಾಯುವುದಿಲ್ಲ.

ಅಷ್ಟರಲ್ಲಿ ತುರ್ಕಿಯ ಆಟೊಮನ್ ಸರ್ಕಾರ ತನ್ನ ವ್ಯವಸ್ಥೆ ಮಾಡಿಕೊಂಡಿತ್ತು. ಕೆಂಪು ಸಮುದ್ರದ ದಕ್ಷಿಣದಲ್ಲಿ, ಯೆಮೆನ್ ಕರಾವಳಿಗೆ ಹತ್ತಿರದ ಕಮರಾನ್ ದ್ವೀಪದಲ್ಲಿ 1882ರ ಸುಮಾರಿಗೆ ಕ್ವಾರಂಟೈನ್ ಠಾಣೆ ಶುರುವಾಯಿತು. ಮುಂಬೈಯಿಂದ ಹೊರಟ ಹಜ್ ಹಡಗು ಮೊದಲು ಅಲ್ಲಿ ನಿಲ್ಲಬೇಕು. ಯಾತ್ರಿಕರು ಇಳಿಯಬೇಕು, ಸ್ನಾನ ಮಾಡಬೇಕು, ಬಟ್ಟೆಬರೆಯನ್ನು ಉಗಿಯಲ್ಲಿ ಬೇಯಿಸಲು ಕೊಡಬೇಕು, ದಿನಗಟ್ಟಲೆ ಶೆಡ್ಡುಗಳಲ್ಲಿ ಕಾಯಬೇಕು, ಇದಕ್ಕೆಲ್ಲ ಶುಲ್ಕವನ್ನೂ ತೆರಬೇಕು. ಮನೆ, ಹೊಲ ಮಾರಿ ಹಣ ಕೂಡಿಸಿಕೊಂಡು ಬಂದ ಮುದುಕರಿಗೆ ಯಾತ್ರೆಯ ಅತಿ ಕಠಿಣ ಘಟ್ಟ ಮರುಭೂಮಿಯಲ್ಲ, ಈ ದ್ವೀಪವಾಯಿತು. ಈ ಕ್ರಮಗಳ ಮೇಲಿನ ಸಿಟ್ಟು ಎಷ್ಟಿತ್ತೆಂದರೆ 1895ರಲ್ಲಿ ಮೆಕ್ಕಾದಲ್ಲಿ ಉಗಿಯಂತ್ರದ ಮೇಲೆ ಜನ ಮುಗಿಬಿದ್ದರು. ಅದೇ ಹೊತ್ತಿಗೆ ಜಿದ್ದಾದ ಹೊರವಲಯದಲ್ಲಿ ಬ್ರಿಟಿಷ್ ಉಪ ಕಾನ್ಸಲ್ ಆಗಿದ್ದ ಭಾರತೀಯ ವೈದ್ಯ ಡಾ. ಅಬ್ದುರ್ ರಜಾಕ್ ಕೊಲೆಯಾದರು.

ಹಜ್ ಹಡಗುಗಳಲ್ಲಿ ಜನರನ್ನು ತುಂಬುವ ರೀತಿಯ ಬಗ್ಗೆ ದೂರುಗಳು ಹೆಚ್ಚಿದಾಗ ಭಾರತ ಸರ್ಕಾರ ಒಂದು ವಿಚಿತ್ರ ಪ್ರಯೋಗ ಮಾಡಿತು. 1886ರಲ್ಲಿ ಯಾತ್ರಿಕರ ಸಾಗಾಟದ ಉಸ್ತುವಾರಿಯನ್ನು ಥಾಮಸ್ ಕುಕ್ ಕಂಪನಿಗೆ ವಹಿಸಿತು. ಇದೇ ಕಂಪನಿಯ ಯಜಮಾನ 1872-73ರಲ್ಲಿ ಶ್ರೀಮಂತ ಪ್ರವಾಸಿಗರ ತಂಡವೊಂದನ್ನು ಪ್ರಪಂಚ ಸುತ್ತಿಸಿದ್ದ; ಆ ಸುತ್ತಿನಲ್ಲಿ ಭಾರತವೂ ಇತ್ತು. ಈಗ ಅದೇ ಹೆಸರು ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗುವ ಯಾತ್ರಿಕರ ಟಿಕೆಟ್ಟಿನ ಮೇಲೂ ಬಂತು. ಲಾಭ ಬರಲಿಲ್ಲ. 1890ರ ದಶಕದ ಮೊದಲ ವರ್ಷಗಳಲ್ಲೇ ಕುಕ್ ಕಂಪನಿ ಕೈಬಿಟ್ಟಿತು. ಒಂದೇ ಕಂಪನಿ, ಒಂದೇ ಅರಬ್ಬೀ ಸಮುದ್ರ. ಒಂದು ಟಿಕೆಟ್ಟಿನವರು ಪ್ರವಾಸಿಗರು, ಇನ್ನೊಂದು ಟಿಕೆಟ್ಟಿನವರು ರೋಗ ಹೊತ್ತವರೆಂಬ ಶಂಕಿತರು.

ಮಾಂಡವಿಯ ಇಲಿಗಳು

1896ರ ಸೆಪ್ಟೆಂಬರ್ 23. ಮುಂಬೈ ಧಕ್ಕೆಗಳಿಗೆ ಅಂಟಿಕೊಂಡ ಮಾಂಡವಿಯಲ್ಲಿ ವೈದ್ಯ ಅಕಾಸಿಯೊ ವಿಯೆಗಾಸ್ ತಾವು ನೋಡಿದ ಜ್ವರ ಪ್ಲೇಗು ಎಂದು ಸಾರಿದರು. ಮಾಂಡವಿ ಎಂದರೆ ಧಾನ್ಯದ ಗೋದಾಮುಗಳ ಕೇರಿ. ಹಡಗಿನಿಂದ ಇಳಿಯುವ, ಹಡಗಿಗೆ ಏರುವ ಕಾಳುಕಡಿಯೆಲ್ಲ ಅಲ್ಲೇ ಶೇಖರವಾಗುತ್ತಿತ್ತು. ಅಲ್ಲಿ ಇಲಿಗಳು ಸತ್ತು ಬೀಳುತ್ತಿದ್ದುದನ್ನು ಜನ ನೋಡಿದ್ದರು. 'ಇಲಿ ಬಿತ್ತು ಎಂದರೆ ಊರು ಬಿಡಬೇಕು' ಎಂಬ ಮಾತು ಮುಂದೆ ಹುಬ್ಬಳ್ಳಿಯಿಂದ ಮೈಸೂರಿನವರೆಗೆ ಕನ್ನಡ ನಾಡಿನಲ್ಲೂ ಮನೆಮಾತಾಯಿತು. ಆದರೆ ಇಲಿಗೂ ಮನುಷ್ಯನಿಗೂ ನಡುವೆ ರೋಗವನ್ನು ದಾಟಿಸುವುದು ಯಾವುದು ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ.

ಸುಮಾರು ಎಂಟು ಲಕ್ಷ ಜನರಿದ್ದ ನಗರ ಕೆಲವೇ ತಿಂಗಳಲ್ಲಿ ಹೆಚ್ಚುಕಡಿಮೆ ಅರ್ಧ ಖಾಲಿಯಾಯಿತು. ರೈಲು ಹತ್ತಿ, ಕೊಂಕಣದ ಕಡೆಯ ಸ್ಟೀಮರು ಹತ್ತಿ, ನಡೆದೇ ಜನ ಹೋದರು. ಯುರೋಪು ಬೆಚ್ಚಿತು. 1897ರ ಫೆಬ್ರವರಿ, ಮಾರ್ಚ್‌ನಲ್ಲಿ ವೆನಿಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಳನದ ವಿಷಯ ಪ್ಲೇಗು ಒಂದೇ. ಅದರ ಕಣ್ಣೆಲ್ಲ ಮುಂಬೈ ಮೇಲೆ. ಭಾರತದ ಹಡಗುಗಳನ್ನೂ ಸರಕನ್ನೂ ತಡೆಯುವ ಬೆದರಿಕೆ ಎದುರಿಗಿತ್ತು. ಮೂವತ್ತು ವರ್ಷ ಕ್ವಾರಂಟೈನ್ ಬೇಡವೆಂದು ವಾದಿಸಿದ್ದ ಸರ್ಕಾರ ಒಮ್ಮೆಲೇ ಬದಲಾಯಿತು. 1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂತು. ಅದೇ ತಿಂಗಳು ಮುಂಬೈ ಮತ್ತು ಕರಾಚಿಯಿಂದ ಹಜ್ ಹಡಗುಗಳು ಹೊರಡುವುದನ್ನು ನಿಲ್ಲಿಸಲಾಯಿತು. ಧರ್ಮದ ವಿಷಯದಲ್ಲಿ ಕೈಹಾಕುವುದಿಲ್ಲ ಎಂದು 1858ರಿಂದ ಹೇಳಿಕೊಂಡು ಬಂದಿದ್ದ ಆಡಳಿತ ಆ ವರ್ಷದ ಯಾತ್ರೆಯನ್ನೇ ಮುಚ್ಚಿತು.

ಆ ಕಾಯಿದೆ ಬಹಳ ಚಿಕ್ಕದು. ಅದರಲ್ಲಿ ಬಂದರುಗಳಿಗೆ ಸಂಬಂಧಿಸಿದ ಒಂದು ವಾಕ್ಯವಿದೆ: ಯಾವುದೇ ಬಂದರಿನಿಂದ ಹೊರಡುವ ಅಥವಾ ಬಂದರಿಗೆ ಬರುವ ಹಡಗನ್ನು ಪರೀಕ್ಷಿಸಬಹುದು, ಹಡಗನ್ನಾಗಲಿ, ಅದರಲ್ಲಿ ಹೊರಡಲಿರುವ ಅಥವಾ ಅದರಲ್ಲಿ ಬಂದ ಯಾವುದೇ ವ್ಯಕ್ತಿಯನ್ನಾಗಲಿ ತಡೆಹಿಡಿಯಬಹುದು. 'ಹೊರಡುವ' ಎಂಬ ಮಾತು ಮೊದಲು, 'ಬರುವ' ಎಂಬುದು ಆಮೇಲೆ. ಒಂದು ದೇಶ ತನ್ನ ಬಂದರಿಗೆ ಕಾವಲು ಹಾಕುವಾಗ ಬರುವವರನ್ನು ಮೊದಲು ನೆನೆಯುವುದು ಲೋಕರೂಢಿ. ಇಲ್ಲಿ ಕ್ರಮ ತಿರುಗುಮುರುಗಾಗಿರುವುದು ಆಕಸ್ಮಿಕವಿರಬಹುದು. ಆದರೆ ಆ ವರ್ಷದ ಭಯ ಯಾವ ದಿಕ್ಕಿನಲ್ಲಿತ್ತು ಎಂಬುದಕ್ಕೆ ಅದಕ್ಕಿಂತ ಸರಿಯಾದ ಸಾಕ್ಷಿ ಸಿಗಲಾರದು.

ತಪಾಸಣೆ ಹೇಗೆ ನಡೆಯುತ್ತಿತ್ತು? ವೈದ್ಯರು ಪ್ರಯಾಣಿಕರನ್ನು ಸಾಲಾಗಿ ನಿಲ್ಲಿಸಿ ಜ್ವರ ನೋಡುತ್ತಿದ್ದರು, ಕಂಕುಳು ಮತ್ತು ತೊಡೆಸಂದಿಯಲ್ಲಿ ಗಡ್ಡೆ ಇದೆಯೇ ಎಂದು ಮುಟ್ಟಿ ಪರೀಕ್ಷಿಸುತ್ತಿದ್ದರು. ರೈಲು ನಿಲ್ದಾಣಗಳಲ್ಲಿ ಮೂರನೇ ದರ್ಜೆಯವರಿಗೆ ಇದು ಎಲ್ಲರೆದುರಿನ ಅವಮಾನ; ಮೇಲಿನ ದರ್ಜೆಯವರಿಗೆ, ಅದರಲ್ಲೂ ಯುರೋಪಿಯನ್ನರಿಗೆ, ಬಹುಪಾಲು ರಿಯಾಯಿತಿ. ಹೆಂಗಸರನ್ನು ಪರಪುರುಷ ವೈದ್ಯ ಮುಟ್ಟುತ್ತಾನೆ ಎಂಬ ಸಂಗತಿ ಊರೂರಲ್ಲಿ ಕಿಚ್ಚು ಹಚ್ಚಿತು. 1896ರ ಅಕ್ಟೋಬರ್‌ನಲ್ಲಿ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ದಾಳಿ ಮಾಡಿದ್ದರು. 1898ರ ಮಾರ್ಚ್‌ನಲ್ಲಿ ಮುಂಬೈಯ ನೇಕಾರರ ಕೇರಿಯಲ್ಲಿ ದೊಡ್ಡ ಗಲಭೆಯಾಯಿತು.

ಇದರ ಮಧ್ಯೆ ಇನ್ನೊಂದು ದಾರಿಯೂ ತೆರೆಯಿತು. 1896ರ ಅಕ್ಟೋಬರ್‌ನಲ್ಲಿ ಮುಂಬೈಗೆ ಬಂದ ವಾಲ್ಡೆಮಾರ್ ಹಾಫ್‌ಕಿನ್, ಗ್ರಾಂಟ್ ಮೆಡಿಕಲ್ ಕಾಲೇಜಿನ ಕೋಣೆಯೊಂದರಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡರು. ಅದರ ಅತಿ ದೊಡ್ಡ ಪರೀಕ್ಷೆಗಳಲ್ಲಿ ಒಂದು ನಡೆದದ್ದು ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ. 1898ರಲ್ಲಿ ಡಾ. ಲ್ಯೂಮನ್ ಅಲ್ಲಿ ಹತ್ತಾರು ಸಾವಿರ ಜನರಿಗೆ ಲಸಿಕೆ ಹಾಕಿಸಿದರು. ಲಸಿಕೆ ಹಾಕಿಸಿಕೊಂಡವನನ್ನು ತಡೆದು ನಿಲ್ಲಿಸುವ ಅಗತ್ಯ ಕಡಿಮೆ. ತಡೆಯ ಬದಲು ಚೀಟಿ ಎಂಬ ಹೊಸ ಲೆಕ್ಕ ಹೀಗೆ ಶುರುವಾಯಿತು.

ಉಳಿದ ರಹಸ್ಯ 1898ರಲ್ಲಿ ಕರಾಚಿಯಲ್ಲಿ ಬಯಲಾಯಿತು. ಫ್ರಾನ್ಸಿನ ಪಾಲ್-ಲೂಯಿ ಸಿಮೊಂದ್ ಇಲಿಯ ಚಿಗಟದಿಂದಲೇ ಪ್ಲೇಗು ಹರಡುತ್ತದೆಂದು ತೋರಿಸಿದರು. ಅನೇಕರು ನಂಬಲಿಲ್ಲ. 1905ರಿಂದ ಮುಂಬೈಯ ಪರೇಲ್‌ನಲ್ಲಿ ಪ್ಲೇಗು ಸಂಶೋಧನಾ ಆಯೋಗ ನಡೆಸಿದ ಸಾಲು ಸಾಲು ಪ್ರಯೋಗಗಳು ಅನುಮಾನ ಪರಿಹರಿಸಿದವು. ಅಂದರೆ, ಹಜ್ ಯಾತ್ರಿಕರ ಕಂಕುಳು ತಡವಿದ ವರ್ಷಗಳಲ್ಲಿ ನಿಜವಾಗಿ ನೋಡಬೇಕಾಗಿದ್ದುದು ಹಡಗಿನ ತಳದಲ್ಲಿದ್ದ ಧಾನ್ಯದ ಚೀಲಗಳನ್ನು. 1926ರ ಪ್ಯಾರಿಸ್ ಒಪ್ಪಂದ ಇದನ್ನು ನಿಯಮವಾಗಿಸಿತು: ಪ್ರತಿ ಹಡಗೂ ಆರು ತಿಂಗಳಿಗೊಮ್ಮೆ ಇಲಿಗಳಿಲ್ಲವೆಂಬ ಪ್ರಮಾಣಪತ್ರ ಪಡೆಯಬೇಕು. ಆಮೇಲೆ ದಶಕಗಳ ಕಾಲ ಹಡಗಿನ ಕಪ್ತಾನ ಬಂದರಿಗೆ ಕೊಡುವ ಆರೋಗ್ಯ ಘೋಷಣೆಯಲ್ಲಿ 'ಹಡಗಿನಲ್ಲಿ ಇಲಿಗಳು ಅಸಹಜವಾಗಿ ಸತ್ತಿವೆಯೇ?' ಎಂಬ ಪ್ರಶ್ನೆ ಇತ್ತು. 2007ರಲ್ಲಿ ಜಾರಿಗೆ ಬಂದ ಹೊಸ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳು ಇಲಿ ಪತ್ರವನ್ನು 'ಹಡಗು ನೈರ್ಮಲ್ಯ ಪ್ರಮಾಣಪತ್ರ'ವಾಗಿ ಹಿಗ್ಗಿಸಿದವು. ಅವಧಿ ಮಾತ್ರ ಇಂದಿಗೂ ಅದೇ ಆರು ತಿಂಗಳು. ಈಜುಕೊಳ, ನಾಟಕಶಾಲೆ ಇರುವ ಕ್ರೂಸ್ ಹಡಗೂ ಇದನ್ನು ತೋರಿಸಬೇಕು. ಆ ಕಾಗದದ ಹಿಂದೆ ಮಾಂಡವಿಯ ಗೋದಾಮುಗಳಿವೆ.

ದಿಕ್ಕು ಬದಲಾದ ಭಯ

ಹತ್ತೊಂಬತ್ತನೇ ಶತಮಾನದಲ್ಲಿ ಬಂದರಿನಲ್ಲಿ ದೇಹವನ್ನು ನೋಡುತ್ತಿದ್ದರು. ಇಪ್ಪತ್ತನೇ ಶತಮಾನದಲ್ಲಿ ಕಾಗದವನ್ನೂ ನೋಡತೊಡಗಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ತಾತ್ಕಾಲಿಕವೆಂದು ಬಂದ ಪಾಸ್‌ಪೋರ್ಟ್ ಕಡ್ಡಾಯ, 1920ರ ಪಾಸ್‌ಪೋರ್ಟ್ ಕಾಯಿದೆಯಿಂದ ಕಾಯಂ ಆಯಿತು. ಹಜ್ ಯಾತ್ರಿಕರಿಗೆ ಮಾತ್ರ ಬೇರೆ ವ್ಯವಸ್ಥೆ: ಅವರದು 'ಪಿಲ್‌ಗ್ರಿಮ್ ಪಾಸ್'. ಸ್ವಾತಂತ್ರ್ಯದ ನಂತರವೂ ಅದು ಮುಂದುವರಿಯಿತು. 1959ರಲ್ಲಿ ರಿಸರ್ವ್ ಬ್ಯಾಂಕು ಹಜ್ ಯಾತ್ರಿಕರಿಗಾಗಿಯೇ ಹತ್ತು ಮತ್ತು ನೂರು ರೂಪಾಯಿಯ ಪ್ರತ್ಯೇಕ ನೋಟುಗಳನ್ನೂ ಅಚ್ಚು ಮಾಡಿತ್ತು. ಮುಂಬೈಯಿಂದ ಜಿದ್ದಾಕ್ಕೆ ಹೋಗುತ್ತಿದ್ದ ಯಾತ್ರಿಕರ ಹಡಗು 1995ರಲ್ಲಿ ನಿಂತಿತು.

ಭಾರತೀಯ ಪ್ರಜೆಗೆ ಪಾಸ್‌ಪೋರ್ಟ್ ಹಕ್ಕೋ, ಸರ್ಕಾರದ ಕೃಪೆಯೋ ಎಂಬ ಪ್ರಶ್ನೆ ತೀರ್ಮಾನವಾದದ್ದು 1967ರಲ್ಲಿ. ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿದೇಶಕ್ಕೆ ಹೋಗುವುದು ವ್ಯಕ್ತಿ ಸ್ವಾತಂತ್ರ್ಯದ ಭಾಗ, ಕಾನೂನಿನ ಆಧಾರವಿಲ್ಲದೆ ಪಾಸ್‌ಪೋರ್ಟ್ ನಿರಾಕರಿಸುವಂತಿಲ್ಲ ಎಂದಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ಬಂತು. ಹಾಗಿದ್ದೂ 1983ರ ವಲಸೆ ಕಾಯಿದೆಯಡಿ, ಹೆಚ್ಚು ಓದಿರದ ಕಾರ್ಮಿಕ ಕೆಲವು ದೇಶಗಳಿಗೆ ಕೆಲಸಕ್ಕೆ ಹೊರಡಬೇಕಾದರೆ ಇನ್ನೂ ಒಂದು ಮುದ್ರೆ ಬೇಕು. ಅವನನ್ನು ವಂಚಕರಿಂದ ಕಾಪಾಡಲೆಂದೇ ಮಾಡಿದ ನಿಯಮ ಅದು. ಆದರೂ ಒಂದೇ ದೇಶದ ಎರಡು ಪಾಸ್‌ಪೋರ್ಟುಗಳಿಗೆ ಬಾಗಿಲು ಒಂದೇ ಅಗಲಕ್ಕೆ ತೆರೆಯುವುದಿಲ್ಲ.

ರೋಗದ ಕಡೆ ಭಯದ ದಿಕ್ಕು ಬದಲಾದದ್ದು ಹಳದಿ ಜ್ವರದಿಂದ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಈ ರೋಗ ಭಾರತದಲ್ಲಿ ಇಲ್ಲ. ಆದರೆ ಅದನ್ನು ಹರಡುವ ಸೊಳ್ಳೆ, ಅಂದರೆ ಡೆಂಗಿ ಹರಡುವ ಅದೇ ಈಡಿಸ್, ನಮ್ಮ ಪ್ರತಿ ಹೂಕುಂಡದಲ್ಲೂ ಇದೆ. ಪನಾಮಾ ಕಾಲುವೆ ತೆರೆಯುವ ಮೊದಲೇ, ಹಡಗಿನ ದಾರಿ ಹತ್ತಿರವಾದರೆ ಏನಾಗಬಹುದು ಎಂದು ಭಾರತೀಯ ವೈದ್ಯಕೀಯ ಸೇವೆಯ ಎಸ್. ಪಿ. ಜೇಮ್ಸ್ ಎಚ್ಚರಿಸಿದ್ದರು. ಒಬ್ಬ ರೋಗಿ ಒಮ್ಮೆ ಒಳಬಂದರೆ ಸಾಕು. ಉಳಿದ ಕೆಲಸವನ್ನು ಇಲ್ಲಿನ ಸೊಳ್ಳೆ ಮಾಡುತ್ತದೆ. ಹೀಗೆ ಭಾರತ ಮೊದಲ ಸಲ ತನಗಾಗಿ ಬಾಗಿಲು ಕಾಯತೊಡಗಿತು. 1955ರ ಭಾರತೀಯ ಬಂದರು ಆರೋಗ್ಯ ನಿಯಮಗಳು ಆ ಕಾವಲಿಗೆ ರೂಪ ಕೊಟ್ಟವು. ಆಗ ಮುಂಬೈಯಿಂದ ಸೆಶೆಲ್ಸ್, ಮೊಂಬಾಸಾ ಮುಟ್ಟಿ ಡರ್ಬನ್ ಕಡೆ ಹೋಗಿಬರುವ 'ಕರಂಜಾ', 'ಕಂಪಾಲಾ' ಹಡಗುಗಳಲ್ಲಿ ಪೂರ್ವ ಆಫ್ರಿಕಾದ ಭಾರತೀಯ ಕುಟುಂಬಗಳ ಓಡಾಟ ಜೋರಾಗಿತ್ತು.

ಈ ನಿಯಮ ಇಂದಿಗೂ ಬಿಗಿ. ಹಳದಿ ಜ್ವರವಿರುವ ದೇಶದಿಂದ ಹೊರಟು ಆರು ದಿನಗಳೊಳಗೆ ಭಾರತ ತಲುಪುವವರ ಬಳಿ ಲಸಿಕೆಯ ಪತ್ರ ಇರಬೇಕು. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿಡಬಹುದು. ಹಡಗಿಗೆ ಇನ್ನೊಂದು ಲೆಕ್ಕವಿದೆ: ಭಾರತಕ್ಕೆ ಬರುವ ಹಿಂದಿನ ಮೂವತ್ತು ದಿನಗಳೊಳಗೆ ಅಂಥ ದೇಶದ ಬಂದರನ್ನು ಮುಟ್ಟಿದ್ದು, ನಿಯಮದಂತೆ ಸೊಳ್ಳೆನಾಶ ಮಾಡಿರದಿದ್ದರೆ, ಅದರಲ್ಲಿ ಬಂದವರಿಗೂ ಈ ನಿಯಮ ತಗಲುತ್ತದೆ. ಮೊಂಬಾಸಾದಲ್ಲಿ ಅರ್ಧ ದಿನ ಇಳಿದು ತಿರುಗಾಡಿ ಮುಂಬೈಗೆ ಬರುವ ಕ್ರೂಸ್ ಪ್ರಯಾಣಿಕ ಅದನ್ನು ಮರೆಯುವಂತಿಲ್ಲ. ಲಸಿಕೆಯ ಪತ್ರಕ್ಕೆ ಬೆಲೆ ಬರುವುದು ಚುಚ್ಚಿಸಿಕೊಂಡು ಹತ್ತು ದಿನಗಳಾದ ಮೇಲೆ. ಹೊರಡುವ ಮುನ್ನಾದಿನ ಓಡಿದರೆ ಪ್ರಯೋಜನವಿಲ್ಲ. 2016ರ ಜುಲೈನಿಂದ ಆ ಪತ್ರ ಜೀವನಪೂರ್ತಿ ಸಲ್ಲುತ್ತದೆ.

ಹಾಗೆಂದು ಹಳೆಯ ದಿಕ್ಕಿನ ಭಯ ಅಳಿಯಲಿಲ್ಲ. ಸಿಡುಬು ತೊಲಗುವವರೆಗೂ ಭಾರತದಿಂದ ಹೊರಟವರ ತೋಳಿನ ಗುರುತು ಮತ್ತು ಚೀಟಿ ಎರಡನ್ನೂ ಜಗತ್ತು ಕೇಳಿತು. 1994ರ ಸೆಪ್ಟೆಂಬರ್‌ನಲ್ಲಿ ಸೂರತ್ತಿನಲ್ಲಿ ಪ್ಲೇಗು ಕಾಣಿಸಿದಾಗ, ವಿಶ್ವ ಆರೋಗ್ಯ ಸಂಸ್ಥೆ ನಿರ್ಬಂಧ ಬೇಡವೆಂದರೂ, ಹಲವು ದೇಶಗಳು ಭಾರತದ ವಿಮಾನ ಮತ್ತು ಸರಕನ್ನು ತಡೆದವು. ನೂರು ವರ್ಷದ ಹಿಂದಿನ ವೆನಿಸ್ ಮತ್ತೆ ಎದ್ದು ಬಂದಂತಿತ್ತು.

2020ರ ಮಾರ್ಚ್ ಮತ್ತು ಏಪ್ರಿಲ್

ಕೋವಿಡ್ ಬಂದಾಗ ಎರಡೂ ದಿಕ್ಕಿನ ಭಯ ಒಂದೇ ಬಂದರಿನಲ್ಲಿ ಸೇರಿತು. 2020ರ ಮಾರ್ಚ್ ಮೊದಲ ವಾರದಲ್ಲಿ 'ಎಂಎಸ್‌ಸಿ ಲಿರಿಕಾ' ಎಂಬ ಕ್ರೂಸ್ ಹಡಗನ್ನು ನವಮಂಗಳೂರು ಬಂದರು ಒಳಗೆ ಬಿಟ್ಟುಕೊಳ್ಳಲಿಲ್ಲ. ಕೆಲವೇ ದಿನಗಳಲ್ಲಿ ದೇಶದ ಬಂದರುಗಳು ವಿದೇಶಿ ಕ್ರೂಸ್ ಹಡಗುಗಳಿಗೆ ಮುಚ್ಚಿದವು. ರಾಜ್ಯಗಳು 1897ರ ಅದೇ ಕಾಯಿದೆಯನ್ನು ಕೈಗೆತ್ತಿಕೊಂಡವು.

ಪ್ರಯಾಣಿಕರು ವಿಮಾನ ಹಿಡಿದು ಹೇಗೋ ಮನೆ ಸೇರಿದರು. ಹಡಗಿನಲ್ಲೇ ಉಳಿದವರು ಅಡುಗೆಯವರು, ಕೋಣೆ ಗುಡಿಸುವವರು, ಊಟ ಬಡಿಸುವವರು, ಎಂಜಿನ್ ನೋಡಿಕೊಳ್ಳುವವರು. ಅವರಲ್ಲಿ ಸಾವಿರಾರು ಜನ ಭಾರತೀಯರು. 'ಮರೆಲ್ಲಾ ಡಿಸ್ಕವರಿ' ಹಡಗಿನ 140ಕ್ಕೂ ಹೆಚ್ಚು ಭಾರತೀಯ ಸಿಬ್ಬಂದಿ ತಮ್ಮದೇ ದೇಶದ ಬಂದರಿನ ಹೊರಗೆ ದಿನಗಟ್ಟಲೆ ಕಾದರು. ಅವರ ಬಳಿ ಪಾಸ್‌ಪೋರ್ಟ್ ಇತ್ತು, ನಾವಿಕರ ಗುರುತಿನ ಪುಸ್ತಕವಾದ ಸಿಡಿಸಿ ಇತ್ತು. ಕಾಗದ ಯಾವುದೂ ಕೊರತೆಯಾಗಿರಲಿಲ್ಲ. ಇಳಿಯಲು ನಿಯಮವೇ ಇರಲಿಲ್ಲ. ಏಪ್ರಿಲ್ 21ರಂದು ಗೃಹ ಸಚಿವಾಲಯ ನಾವಿಕರು ಹಡಗಿನಿಂದ ಇಳಿಯುವ ಮತ್ತು ಹಡಗು ಸೇರುವ ವಿಧಾನವನ್ನು ಪ್ರಕಟಿಸಿತು. ಪರೀಕ್ಷೆ, ಪ್ರತ್ಯೇಕ ವಾಸ, ಊರಿಗೆ ಹೋಗಲು ಪಾಸು ಎಲ್ಲ ಅದರಲ್ಲಿತ್ತು. ಏಪ್ರಿಲ್ 23ರಂದು ಅವರು ಮುಂಬೈಯಲ್ಲಿ ಕಾಲಿಟ್ಟರು. ಸ್ವದೇಶಕ್ಕೆ ಮರಳುವ ಪ್ರಜೆಯನ್ನು ಪರೀಕ್ಷಿಸಬಹುದು, ಕೆಲವು ದಿನ ಬೇರೆ ಇಡಬಹುದು. ಹೊರಗೇ ನಿಲ್ಲಿಸಿಡುವುದಕ್ಕೆ ಯಾವ ರೋಗಶಾಸ್ತ್ರದ ಸಮರ್ಥನೆಯೂ ಇಲ್ಲ. ಆ ಸರಳ ವ್ಯತ್ಯಾಸ ಕಾಗದಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಹಿಡಿಯಿತು.

2025ರ ಸೆಪ್ಟೆಂಬರ್ 1ರಂದು ವಲಸೆ ಮತ್ತು ವಿದೇಶಿಯರ ಹೊಸ ಕಾಯಿದೆ ಜಾರಿಗೆ ಬಂದು, 1920ರ ಪಾಸ್‌ಪೋರ್ಟ್ ಕಾಯಿದೆ ರದ್ದಾಯಿತು. ಅದೇ ತಿಂಗಳ 20ರಂದು ಮುಂಬೈಯ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಉದ್ಘಾಟನೆಯಾಯಿತು. ಚೆಕ್-ಇನ್ ಮತ್ತು ವಲಸೆ ತಪಾಸಣೆಗೆ ಅಲ್ಲಿ 72 ಕೌಂಟರುಗಳು. ಇ-ವೀಸಾ ಹಿಡಿದು ಬರುವ ವಿದೇಶಿ ಪ್ರವಾಸಿ ನಿಮಿಷಗಳಲ್ಲಿ ಹೊರಬರಲಿ ಎಂಬುದು ಆಶಯ, ಒಳ್ಳೆಯ ಆಶಯವೇ.

1897ರ ಕಾಯಿದೆ ಮಾತ್ರ ಇನ್ನೂ ಇದೆ. 2020ರ ತಿದ್ದುಪಡಿಯಲ್ಲಿ ಹಡಗಿನ ಜೊತೆಗೆ ಬಸ್ಸು, ರೈಲು, ವಿಮಾನಗಳೂ ಸೇರಿದವು. 'ಹೊರಡುವ ಅಥವಾ ಬರುವ' ಎಂಬ ಮಾತಿನ ಕ್ರಮ ಹಾಗೆಯೇ ಉಳಿಯಿತು. ಮುಂದಿನ ರೋಗ ಯಾವ ದಿಕ್ಕಿನಿಂದ ಬರುತ್ತದೆಂದು ಯಾವ ಕಾಯಿದೆಯೂ ಹೇಳಲಾರದು. ಅದು ಬಂದಾಗ ಡೆಕ್ಕಿನವರಿಗೂ ಕ್ಯಾಬಿನ್ನಿನವರಿಗೂ, ಟಿಕೆಟ್ ಕೊಂಡವರಿಗೂ ಸಂಬಳಕ್ಕೆ ಬಂದವರಿಗೂ ಒಂದೇ ಅಳತೆ ಇರಬೇಕು ಎಂಬುದನ್ನಾದರೂ ಈಗಲೇ ಬರೆದಿಡಬಹುದು. ಮುಂಬೈ ಬಂದರಿನ ನೂರಾ ಐವತ್ತು ವರ್ಷಗಳ ಕಾಗದಪತ್ರಗಳಲ್ಲಿ ಆ ಒಂದು ವಾಕ್ಯಕ್ಕೆ ಇನ್ನೂ ಜಾಗ ಉಳಿದಿದೆ.